ಚಳಿನಾಡಿನ ಬೆಚ್ಚನೆಯ ಮನೆ: ಗಾಳಿ, ಶಾಖ ಮತ್ತು ತೇವದ ಲೆಕ್ಕಾಚಾರ

ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ಮಕ್ಕಳ ಮನೆಯಲ್ಲಿ ಚಳಿಗಾಲ ಕಳೆದು ಊರಿಗೆ ಮರಳುವ ಹಿರಿಯರು ಎರಡು ಬಗೆಯ ಅನುಭವಗಳನ್ನು ಹೇಳುವುದುಂಟು. ಕೆಲವರದು ಒಣಹವೆಯ ದೂರು. ತುಟಿ ಒಡೆಯಿತು, ಮೂಗಿನಲ್ಲಿ ರಕ್ತ ಒಸರಿತು, ಬಾಗಿಲ ಹಿಡಿ ಮುಟ್ಟಿದರೆ ಕಿಡಿ ಹಾರಿ ಕೈ ಜುಮ್ಮೆಂದಿತು ಎನ್ನುತ್ತಾರೆ. ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ. ಬೆಳಗಾದರೆ ಕಿಟಕಿಯ ಗಾಜಿನಿಂದ ನೀರು ಇಳಿಯುತ್ತಿತ್ತು, ಬಟ್ಟೆಯ ಕಪಾಟಿನ ಹಿಂದಿನ ಗೋಡೆಯಲ್ಲಿ ಬೂಷ್ಟು ಹಿಡಿದಿತ್ತು ಎನ್ನುತ್ತಾರೆ. ಎರಡೂ ಮನೆಗಳು ಒಂದೇ ಊರಿನಲ್ಲಿರಬಹುದು. ಎರಡರಲ್ಲಿಯೂ ಒಂದೇ ಬಗೆಯ ಫರ್ನೇಸ್ ಉರಿಯುತ್ತಿರಬಹುದು, ಗೋಡೆಯ ಮೇಲಿನ ಥರ್ಮೋಸ್ಟಾಟ್ ಒಂದೇ ಅಂಕಿಯನ್ನು ತೋರಿಸುತ್ತಿರಬಹುದು.

ಹಾಗಿದ್ದರೂ ಒಂದು ಮನೆ ಒಣಗುವುದೇಕೆ, ಇನ್ನೊಂದು ಒದ್ದೆಯಾಗುವುದೇಕೆ? ಈ ಪ್ರಶ್ನೆಗೆ ಉತ್ತರ ಫರ್ನೇಸಿನೊಳಗೆ ಇಲ್ಲ. ಮನೆಯನ್ನು ಬೆಚ್ಚಗಿಡುವುದೆಂದರೆ ಬೆಂಕಿ ಹೊತ್ತಿಸುವುದು ಮಾತ್ರವಲ್ಲ. ಶಾಖ, ಗಾಳಿ ಮತ್ತು ತೇವ ಎಂಬ ಮೂರನ್ನೂ ಒಟ್ಟಿಗೆ ಸಂಭಾಳಿಸುವುದು. ಇವುಗಳಲ್ಲಿ ಒಂದನ್ನು ಬದಲಿಸಿದರೆ ಉಳಿದೆರಡೂ ಬದಲಾಗುತ್ತವೆ. ಈ ನಂಟನ್ನು ಮರೆತಲ್ಲಿ ಆರೋಗ್ಯಕ್ಕೂ ಕಟ್ಟಡಕ್ಕೂ ಹಾನಿ. ಕೆಲವೊಮ್ಮೆ ಪ್ರಾಣಹಾನಿಯೂ ಸಂಭವಿಸುತ್ತದೆ.

ಶಾಖದ ಮೂರು ದಾರಿಗಳು

ಶಾಖವು ಬಿಸಿಯಿರುವ ಕಡೆಯಿಂದ ತಣ್ಣಗಿರುವ ಕಡೆಗೆ ಹರಿಯುತ್ತದೆ. ಹರಿಯಲು ಅದಕ್ಕೆ ಮೂರು ದಾರಿಗಳಿವೆ ಎಂಬುದನ್ನು ನಾವು ಶಾಲೆಯಲ್ಲಿಯೇ ಕಲಿತಿದ್ದೇವೆ: ವಹನ, ಸಂವಹನ ಮತ್ತು ವಿಕಿರಣ. ಗೋಡೆಯ ಮೂಲಕ ಹೊರಗೆ ಸೋರುವುದು ವಹನ. ಕಾದ ಗಾಳಿ ಮೇಲೇರಿ ತಂಪುಗಾಳಿ ಕೆಳಗಿಳಿಯುತ್ತ ಶಾಖವನ್ನು ಹೊತ್ತು ಸಾಗುವುದು ಸಂವಹನ. ಅಗ್ಗಿಷ್ಟಿಕೆಯ ಮುಂದೆ ಕುಳಿತಾಗ ಮುಖಕ್ಕೆ ತಟ್ಟುವ ಬಿಸಿ ವಿಕಿರಣ.

ಈ ಮೂರರಲ್ಲಿ ವಿಕಿರಣವನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ವಿಶ್ರಾಂತಿಯಲ್ಲಿರುವ ವಯಸ್ಕ ವ್ಯಕ್ತಿಯ ದೇಹ ಸುಮಾರು 100 ವಾಟ್‌ನಷ್ಟು ಶಾಖವನ್ನು ಹೊರಸೂಸುತ್ತಿರುತ್ತದೆ. ಈ ಶಾಖದಲ್ಲಿ ಒಂದು ದೊಡ್ಡ ಪಾಲು ವಿಕಿರಣದ ಮೂಲಕ ಸುತ್ತಲಿನ ಗೋಡೆ, ಕಿಟಕಿ, ನೆಲಗಳಿಗೆ ಹೋಗುತ್ತದೆ. ಆದ್ದರಿಂದಲೇ ಕೋಣೆಯ ಗಾಳಿ 21 ಡಿಗ್ರಿ ಸೆಲ್ಸಿಯಸ್ ಇದ್ದರೂ ತಣ್ಣನೆಯ ದೊಡ್ಡ ಗಾಜಿನ ಪಕ್ಕದಲ್ಲಿ ಕುಳಿತವನಿಗೆ ಮೈ ನಡುಗುತ್ತದೆ. ಗಾಳಿಯ ಉಷ್ಣತೆಯಷ್ಟೇ ಸುತ್ತಲಿನ ಮೇಲ್ಮೈಗಳ ಉಷ್ಣತೆಯೂ ಮುಖ್ಯ. ಹಳೆಯ ಕಟ್ಟಡಗಳಲ್ಲಿ ರೇಡಿಯೇಟರುಗಳನ್ನು ಕಿಟಕಿಯ ಕೆಳಗೇ ಇಟ್ಟಿರುವುದನ್ನು ಕಾಣಬಹುದು. ಗಾಜಿಗೆ ತಾಗಿ ತಣ್ಣಗಾಗಿ ಕೆಳಗಿಳಿಯುವ ಗಾಳಿಯನ್ನು ಅಲ್ಲಿಯೇ ತಡೆದು ಬೆಚ್ಚಗಾಗಿಸುವುದು ಇದರ ಉದ್ದೇಶ.

ನೆಲದ ಕೆಳಗೆ ಬಿಸಿ ಹಾಯಿಸುವ ವಿಧಾನ ಬಹಳ ಹಳೆಯದು. ಪ್ರಾಚೀನ ರೋಮನ್ನರ ಸ್ನಾನಗೃಹಗಳು ಮತ್ತು ಕೊರಿಯಾದ ಓಂಡೋಲ್ ಮನೆಗಳು ಈ ತತ್ತ್ವದ ಮೇಲೆ ನಿಂತಿದ್ದವು. ಕಾಶ್ಮೀರದ ಹಮಾಮ್ ಕೋಣೆಗಳಲ್ಲಿಯೂ ಕಲ್ಲಿನ ನೆಲದ ಅಡಿಯಲ್ಲಿ ಸೌದೆ ಉರಿಸಿ ನೆಲವನ್ನೇ ಕಾಯಿಸುತ್ತಾರೆ. ನೆಲ ಬೆಚ್ಚಗಿದ್ದರೆ ಗಾಳಿ ತುಸು ತಣ್ಣಗಿದ್ದರೂ ಮೈಗೆ ಹಿತವೆನಿಸುತ್ತದೆ.

ಇಂದು ಉತ್ತರ ಅಮೆರಿಕದ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಬಿಸಿಗಾಳಿಯ ವ್ಯವಸ್ಥೆ. ನೆಲಮಾಳಿಗೆಯಲ್ಲಿ ಅನಿಲದ ಫರ್ನೇಸ್ ಗಾಳಿಯನ್ನು ಕಾಯಿಸುತ್ತದೆ, ಫ್ಯಾನ್ ಅದನ್ನು ತಗಡಿನ ಕೊಳವೆಗಳ ಮೂಲಕ ಕೋಣೆಗಳಿಗೆ ತಳ್ಳುತ್ತದೆ. ಯೂರೋಪಿನಲ್ಲಿ ಬಿಸಿನೀರಿನ ವ್ಯವಸ್ಥೆ ಹೆಚ್ಚು. ಅಷ್ಟೇ ಗಾತ್ರದ ಗಾಳಿಗೆ ಹೋಲಿಸಿದರೆ ನೀರು ಸುಮಾರು 3,500 ಪಟ್ಟು ಹೆಚ್ಚು ಶಾಖವನ್ನು ಹೊರಬಲ್ಲದು. ಆದುದರಿಂದ ಅಗಲವಾದ ಗಾಳಿಕೊಳವೆ ಮಾಡುವ ಕೆಲಸವನ್ನು ಬೆರಳ ಗಾತ್ರದ ನೀರಿನ ಕೊಳವೆ ಮಾಡಿ ಮುಗಿಸುತ್ತದೆ. ಆದರೆ ಆ ಕೊಳವೆಯೊಳಗೆ ಗಾಳಿ ಸಿಕ್ಕಿಹಾಕಿಕೊಂಡರೆ ನೀರಿನ ಹರಿವೇ ನಿಂತು ರೇಡಿಯೇಟರಿನ ಮೇಲ್ಭಾಗ ತಣ್ಣಗುಳಿಯುತ್ತದೆ. ಆಗ ಅದರ ತುದಿಯ ಚಿಕ್ಕ ತಿರುಪನ್ನು ಸಡಿಲಿಸಿ ಗಾಳಿಯನ್ನು ಹೊರಬಿಡಬೇಕಾಗುತ್ತದೆ.

ಮನೆಯೇ ಒಂದು ಚಿಮಣಿ

ಗಾಳಿಗೆ ತೂಕವಿದೆ. ಶೂನ್ಯಕ್ಕಿಂತ 10 ಡಿಗ್ರಿ ಕೆಳಗಿರುವ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.34 ಕಿಲೋ. ಅದೇ ಗಾತ್ರದ, 21 ಡಿಗ್ರಿಯ ಗಾಳಿಯ ತೂಕ ಸುಮಾರು 1.20 ಕಿಲೋ. ವ್ಯತ್ಯಾಸ 140 ಗ್ರಾಂ ಮಾತ್ರ. ಆದರೆ ಎರಡಂತಸ್ತಿನ ಮನೆಯಲ್ಲಿ ಈ ವ್ಯತ್ಯಾಸವೇ ಸಾಕಷ್ಟು ಕೆಲಸ ಮಾಡುತ್ತದೆ. ಹಗುರವಾದ ಬಿಸಿಗಾಳಿ ಮೇಲೇರಿ ಅಟ್ಟದ ಸಂದುಗಳಿಂದ, ದೀಪದ ಗುಂಡಿಗಳಿಂದ ಹೊರಬೀಳುತ್ತದೆ. ಅದು ತೆರವುಗೊಳಿಸಿದ ಜಾಗವನ್ನು ತುಂಬಲು ಭಾರವಾದ ತಂಪುಗಾಳಿ ಬಾಗಿಲ ಅಡಿಯಿಂದ, ನೆಲಮಾಳಿಗೆಯ ಬಿರುಕುಗಳಿಂದ ಒಳನುಗ್ಗುತ್ತದೆ. ಇದಕ್ಕೆ ಚಿಮಣಿ ಪರಿಣಾಮವೆಂದು ಹೆಸರು. ಹೊರಗೆ ಗಾಳಿ ಬೀಸದಿದ್ದರೂ, ಎಲ್ಲ ಕಿಟಕಿಗಳನ್ನು ಮುಚ್ಚಿದ್ದರೂ ಇದು ಹಗಲಿರುಳು ನಡೆಯುತ್ತಲೇ ಇರುತ್ತದೆ. ಚಳಿ ಹೆಚ್ಚಿದಷ್ಟೂ ಇದರ ಸೆಳೆತ ಹೆಚ್ಚು.

ಕೆಳಗಿನಿಂದ ಚಳಿ ಬರುತ್ತಿದೆಯೆಂದು ನಾವು ಬಾಗಿಲ ಅಡಿಗೆ ಬಟ್ಟೆ ತುರುಕುತ್ತೇವೆ. ಆದರೆ ಮೇಲಿನ ಅಟ್ಟದ ಸಂದುಗಳನ್ನು ಮುಚ್ಚಿದರೆ ಕೆಳಗಿನ ಗಾಳಿಯ ಸೆಳೆತವೂ ಕಡಿಮೆಯಾಗುತ್ತದೆ. ಬಾಟಲಿಯನ್ನು ಮೇಲಿನಿಂದ ಮುಚ್ಚಿದರೆ ಕೆಳಗಿನ ರಂಧ್ರದಿಂದ ನೀರು ಸುರಿಯುವುದು ನಿಲ್ಲುವಂತೆಯೇ ಇದು.

ಬಿಸಿಗಾಳಿಯ ದಾಹ

ಈಗ ಮೂರನೆಯ ಅಂಶವಾದ ತೇವಕ್ಕೆ ಬರೋಣ. ಗಾಳಿಯಲ್ಲಿ ನೀರಾವಿ ಇರಬಲ್ಲ ಪ್ರಮಾಣಕ್ಕೆ ಒಂದು ಮಿತಿಯಿದೆ. ಆ ಮಿತಿ ಉಷ್ಣತೆಯೊಂದಿಗೆ ವೇಗವಾಗಿ ಏರುತ್ತದೆ. ಒಂದು ಘನ ಮೀಟರಿನಲ್ಲಿ ಮೈನಸ್ 10 ಡಿಗ್ರಿಯಲ್ಲಿ ಸುಮಾರು 2.4 ಗ್ರಾಂ, ಶೂನ್ಯ ಡಿಗ್ರಿಯಲ್ಲಿ 4.8 ಗ್ರಾಂ, 21 ಡಿಗ್ರಿಯಲ್ಲಿ 18.3 ಗ್ರಾಂ, 30 ಡಿಗ್ರಿಯಲ್ಲಿ 30 ಗ್ರಾಂ ನೀರಾವಿ ಇರಬಹುದು. ಈ ಮಿತಿಯ ಎಷ್ಟು ಪಾಲು ತುಂಬಿದೆ ಎಂಬುದನ್ನು ಶೇಕಡಾವಾರು ಹೇಳುವುದೇ ಸಾಪೇಕ್ಷ ಆರ್ದ್ರತೆ.

ಹೀಟರ್ ಗಾಳಿಯಲ್ಲಿನ ತೇವವನ್ನು ಸುಟ್ಟುಬಿಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ಗಾಳಿಯನ್ನು ಕಾಯಿಸಿದಾಗ ಅದರಲ್ಲಿನ ನೀರಾವಿ ಎಲ್ಲಿಗೂ ಹೋಗುವುದಿಲ್ಲ. ಪಾತ್ರೆ ದೊಡ್ಡದಾಗುತ್ತದೆ, ಅದರಲ್ಲಿನ ನೀರು ಅಷ್ಟೇ ಉಳಿಯುತ್ತದೆ. ಹೊರಗೆ ಮೈನಸ್ 10 ಡಿಗ್ರಿಯಲ್ಲಿ ಶೇ. 80ರಷ್ಟು ಆರ್ದ್ರತೆಯಿದ್ದರೆ ಒಂದು ಘನ ಮೀಟರಿನಲ್ಲಿ ಇರುವುದು 1.9 ಗ್ರಾಂ ನೀರಾವಿ ಮಾತ್ರ. ಈ ಗಾಳಿ ಒಳಬಂದು 21 ಡಿಗ್ರಿಗೆ ಕಾದು ಹಿಗ್ಗಿದಾಗ ಘನ ಮೀಟರಿಗೆ 1.7 ಗ್ರಾಂ ಉಳಿಯುತ್ತದೆ. ಅಂದರೆ ಆರ್ದ್ರತೆ ಶೇ. 9ಕ್ಕೆ ಕುಸಿಯಿತು. ಒಂದು ಹನಿ ನೀರನ್ನೂ ಯಾರೂ ತೆಗೆಯಲಿಲ್ಲ. ಗಾಳಿಯ ದಾಹ ಮಾತ್ರ ಹೆಚ್ಚಿತು. ಆ ದಾಹವನ್ನು ಅದು ನಮ್ಮ ತುಟಿ, ಮೂಗು, ಚರ್ಮಗಳಿಂದ ತೀರಿಸಿಕೊಳ್ಳುತ್ತದೆ. ಎಣ್ಣೆ ತುಂಬಿದ ಹೀಟರ್, ಸುರುಳಿಯ ಹೀಟರ್ ಎಂಬ ಭೇದ ಇಲ್ಲಿ ಲೆಕ್ಕಕ್ಕಿಲ್ಲ. ಒಂದೇ ಉಷ್ಣತೆಗೆ ಕಾಯಿಸಿದರೆ ಎರಡರ ಫಲವೂ ಒಂದೇ.

ಈ ತತ್ತ್ವ ನಮ್ಮ ಮಲೆನಾಡಿನವರಿಗೆ ಹೊಸದಲ್ಲ. ಹಳೆಯ ಮನೆಗಳಲ್ಲಿ ಮಳೆಗಾಲದಲ್ಲಿ ಕೆಡಬಾರದ ವಸ್ತುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ತೇವದಿಂದ ತುಂಬಿದ 25 ಡಿಗ್ರಿಯ ಗಾಳಿಯನ್ನು 35 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ಆರ್ದ್ರತೆ ಶೇ. 100ರಿಂದ ಶೇ. 60ಕ್ಕಿಂತ ಕೆಳಗಿಳಿಯುತ್ತದೆ. ಜಡಿಮಳೆಯಲ್ಲಿ ಒದ್ದೆ ಬಟ್ಟೆ ಅಗ್ಗಿಷ್ಟಿಕೆಯ ಬಳಿ ಒಣಗುವುದಕ್ಕೂ ಇದೇ ಕಾರಣ. ಮಳೆನಾಡಿನಲ್ಲಿ ವರವಾದ ಈ ಗುಣವೇ ಹಿಮನಾಡಿನಲ್ಲಿ ತೊಂದರೆಯಾಗುತ್ತದೆ.

ಒಣಗಿದ ಗಾಳಿಯ ಪರಿಣಾಮ ಮನುಷ್ಯರಿಗಷ್ಟೇ ಸೀಮಿತವಲ್ಲ. ಮರ ತನ್ನ ತೇವವನ್ನು ಕಳೆದುಕೊಂಡು ಕುಗ್ಗುತ್ತದೆ. ಊರಿನಿಂದ ಒಯ್ದ ಹಲಸಿನ ಮರದ ವೀಣೆ, ತಂಬೂರಿಗಳು ಬಿರುಕು ಬಿಡುವ ಭಯ ಅಲ್ಲಿನ ಸಂಗೀತಾಸಕ್ತ ಕುಟುಂಬಗಳಿಗೆ ಇದ್ದೇ ಇದೆ. 2007ರಲ್ಲಿ ಅಮೆರಿಕದಲ್ಲಿ ಗಿನಿಯಿಲಿಗಳ ಮೇಲೆ ನಡೆಸಿದ ಪ್ರಯೋಗಗಳು ತಂಪಾದ ಮತ್ತು ಒಣಗಿದ ಗಾಳಿಯಲ್ಲಿ ಇನ್‌ಫ್ಲುಯೆಂಜಾ ವೈರಾಣು ಹೆಚ್ಚು ಸುಲಭವಾಗಿ ಹರಡುತ್ತದೆ ಎಂಬುದನ್ನು ತೋರಿಸಿದವು. ಮನೆಯೊಳಗಿನ ಆರ್ದ್ರತೆ ಶೇ. 30ರಿಂದ 50ರ ನಡುವೆ ಇರುವುದು ಒಳ್ಳೆಯದೆಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ.

ಒಂದೇ ಮನೆ, ಎರಡು ಫಲ

ಆರಂಭದ ಪ್ರಶ್ನೆಗೆ ಈಗ ಉತ್ತರ ಹುಡುಕಬಹುದು. 500 ಘನ ಮೀಟರ್ ಒಳಗಾತ್ರದ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅದರಲ್ಲಿ ನಾಲ್ವರ ಕುಟುಂಬವಿದೆ. ಅವರ ಉಸಿರು, ಬೆವರು, ಸ್ನಾನ, ಒಗೆತ, ಕುಕ್ಕರಿನ ಹಬೆ, ಇಡ್ಲಿಯ ಪಾತ್ರೆ ಎಲ್ಲವೂ ಸೇರಿ ದಿನಕ್ಕೆ 9 ಲೀಟರ್ ನೀರು ಆವಿಯಾಗಿ ಮನೆಯ ಗಾಳಿಗೆ ಸೇರುತ್ತದೆ ಎಂದಿಟ್ಟುಕೊಳ್ಳೋಣ. ಅಂದರೆ ಗಂಟೆಗೆ 375 ಗ್ರಾಂ. ಹೊರಗೆ ಮೈನಸ್ 10, ಒಳಗೆ 21 ಡಿಗ್ರಿ.

ಮನೆ ಹಳೆಯದು, ಸಂದುಗಳು ಹಲವು. ಗಂಟೆಗೆ ಮನೆಯ ಅರ್ಧ ಗಾಳಿ, ಅಂದರೆ 250 ಘನ ಮೀಟರ್, ಹೊರಹೋಗಿ ಅಷ್ಟೇ ಹೊರಗಾಳಿ ಒಳಬರುತ್ತದೆ. ಆಗ ಪ್ರತಿ ಘನ ಮೀಟರಿಗೆ ಕುಟುಂಬದಿಂದ ಸಿಗುವ ನೀರಾವಿ 1.5 ಗ್ರಾಂ. ಹೊರಗಿನಿಂದ ಬಂದ 1.7 ಗ್ರಾಂ ಸೇರಿದರೆ 3.2 ಗ್ರಾಂ. ಆರ್ದ್ರತೆ ಶೇ. 18ರ ಆಸುಪಾಸು. ತುಟಿ ಒಡೆಯುವ ಮನೆ ಇದು.

ಅದೇ ಮನೆಯ ಸಂದುಗಳನ್ನೆಲ್ಲ ಮುಚ್ಚಿ ಗಾಳಿಯ ಸೋರಿಕೆಯನ್ನು ಗಂಟೆಗೆ 50 ಘನ ಮೀಟರಿಗೆ ಇಳಿಸಿದರೆ? ಕುಟುಂಬದ ನೀರಾವಿ ಪ್ರತಿ ಘನ ಮೀಟರಿಗೆ 7.5 ಗ್ರಾಂ ಆಗುತ್ತದೆ. ಒಟ್ಟು 9.2 ಗ್ರಾಂ, ಆರ್ದ್ರತೆ ಶೇ. 50. ಗಾಜು ನೀರಿಳಿಸುವ ಮನೆ ಇದು. ಫರ್ನೇಸ್ ಬದಲಾಗಲಿಲ್ಲ, ಕುಟುಂಬ ಬದಲಾಗಲಿಲ್ಲ, ಹವಾಮಾನವೂ ಬದಲಾಗಲಿಲ್ಲ. ಬದಲಾದದ್ದು ಗಾಳಿಯ ಸಂಚಾರ ಮಾತ್ರ.

ಒಣಮನೆಯವರು ಸಾಮಾನ್ಯವಾಗಿ ಹ್ಯೂಮಿಡಿಫೈಯರ್ ಎಂಬ ಯಂತ್ರದಿಂದ ಗಾಳಿಗೆ ನೀರಾವಿ ಸೇರಿಸುತ್ತಾರೆ. ಅದಕ್ಕೂ ಶಾಖ ಬೇಕು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.68 ಯೂನಿಟ್ ವಿದ್ಯುತ್ತಿಗೆ ಸಮನಾದ ಗುಪ್ತೋಷ್ಣ ಬೇಕಾಗುತ್ತದೆ. ಅಷ್ಟೇ ಅಲ್ಲ, ಗಂಟೆಗೆ 250 ಘನ ಮೀಟರ್ ಹೊರಗಾಳಿಯನ್ನು 31 ಡಿಗ್ರಿಯಷ್ಟು ಕಾಯಿಸಲು ಎಡೆಬಿಡದೆ ಸುಮಾರು 2.6 ಕಿಲೋವಾಟ್ ಖರ್ಚಾಗುತ್ತಿರುತ್ತದೆ. ಹೀಗೆ ಸೋರುವ ಮನೆಗೆ ನೀರು ತುಂಬುವುದು ತೂತು ಕೊಡಕ್ಕೆ ನೀರು ಹೊತ್ತಂತೆ. ಮೊದಲು ಸೋರಿಕೆಯನ್ನು ತಡೆಯಬೇಕು, ಅನಂತರ ತೇವದ ಮಾತು.

ಗೋಡೆಯೊಳಗಿನ ಇಬ್ಬನಿ

ಗಾಳಿ ತಣ್ಣಗಾಗುತ್ತ ಹೋದಂತೆ ಒಂದು ಹಂತದಲ್ಲಿ ಅದರಲ್ಲಿನ ನೀರಾವಿ ಮಿತಿಯನ್ನು ಮುಟ್ಟಿ ಹನಿಗಟ್ಟುತ್ತದೆ. ಆ ಉಷ್ಣತೆಗೆ ಇಬ್ಬನಿ ಬಿಂದು ಎಂದು ಹೆಸರು. 21 ಡಿಗ್ರಿಯ ಗಾಳಿಯಲ್ಲಿ ಶೇ. 50 ಆರ್ದ್ರತೆಯಿದ್ದರೆ ಇಬ್ಬನಿ ಬಿಂದು ಸುಮಾರು 10 ಡಿಗ್ರಿ. ಶೇ. 30 ಇದ್ದರೆ ಸುಮಾರು 3 ಡಿಗ್ರಿ. ಹೊರಗೆ ಮೈನಸ್ 10 ಇರುವಾಗ ಒಂದೇ ಪದರದ ಗಾಜಿನ ಒಳಮೈ ಶೂನ್ಯಕ್ಕಿಂತಲೂ ಕೆಳಗಿಳಿಯುತ್ತದೆ; ಅದರ ಮೇಲೆ ಹಿಮದ ಹೂವೇ ಅರಳುತ್ತದೆ. ಸಾಧಾರಣ ಎರಡು ಪದರದ ಗಾಜಿನ ಒಳಮೈ 10 ಡಿಗ್ರಿಯ ಹತ್ತಿರವಿರುತ್ತದೆ. ಆದ್ದರಿಂದ ಶೇ. 30ರ ಆರ್ದ್ರತೆಯಲ್ಲಿ ಒಣಗಿರುವ ಆ ಗಾಜು ಶೇ. 50ರಲ್ಲಿ ಮಂಜಾಗತೊಡಗುತ್ತದೆ. ಕಪಾಟಿನ ಹಿಂದಿನ ಗೋಡೆ ಮನೆಯ ಬಿಸಿ ತಾಗದೆ ತಣ್ಣಗಿರುವುದರಿಂದ ಬೂಷ್ಟು ಅಲ್ಲಿಯೇ ಮೊದಲು ನೆಲೆಯೂರುತ್ತದೆ.

ಗಾಜಿನ ಮೇಲಿನ ನೀರು ಕಣ್ಣಿಗೆ ಕಾಣುತ್ತದೆ, ಒರೆಸಬಹುದು. ಕಾಣದ ಕಡೆ ಹನಿಗಟ್ಟುವ ನೀರು ಹೆಚ್ಚು ಅಪಾಯಕಾರಿ. ಉತ್ತರ ಅಮೆರಿಕದ ಮನೆಗಳಲ್ಲಿ ಬಹುಪಾಲು ಮರದ ಚೌಕಟ್ಟಿನ ಮೇಲೆ ನಿಂತವು. ಒಳಗಿನ ತೇವಭರಿತ ಬಿಸಿಗಾಳಿ ಸಂದುಗಳ ಮೂಲಕ ಗೋಡೆಯೊಳಗೆ ಅಥವಾ ಅಟ್ಟಕ್ಕೆ ಸೋರಿದರೆ ಅಲ್ಲಿನ ತಣ್ಣನೆಯ ಹಲಗೆಗಳಿಗೆ ತಾಗಿ ನೀರಾಗುತ್ತದೆ, ಮಂಜುಗಡ್ಡೆಯೂ ಆಗುತ್ತದೆ. ಹೀಗೆ ಚಳಿಗಾಲ ಕಳೆದಂತೆ ಹಲಗೆ ಕೊಳೆಯತೊಡಗುತ್ತದೆ. ಇದನ್ನು ತಡೆಯಲು ಚಳಿನಾಡಿನಲ್ಲಿ ಆವಿತಡೆ ಹಾಳೆಯನ್ನು ಗೋಡೆಯ ಒಳಬದಿಗೆ, ಅಂದರೆ ಬೆಚ್ಚನೆಯ ಬದಿಗೆ ಹಾಕುತ್ತಾರೆ.

ನಮ್ಮ ಕರಾವಳಿಯಂಥ ಪ್ರದೇಶದಲ್ಲಿ ಇದೇ ತತ್ತ್ವ ತಲೆಕೆಳಗಾಗಿ ಕೆಲಸ ಮಾಡುತ್ತದೆ. ಎ.ಸಿ. ಹಾಕಿದ ಕೋಣೆಯ ಗೋಡೆ ತಣ್ಣಗಿರುತ್ತದೆ, ತೇವ ಹೊರಗಿನ ಗಾಳಿಯಲ್ಲಿರುತ್ತದೆ. ಬಾಗಿಲು ತೆರೆದಿಟ್ಟರೆ ಹೊರಗಿನ ಗಾಳಿ ಒಳಬಂದು ತಣ್ಣನೆಯ ಮೇಲ್ಮೈಗಳ ಮೇಲೆ ಬೆವರುತ್ತದೆ. ಚಳಿನಾಡಿಗೆಂದು ಹೇಳಿದ ವಿಧಾನವನ್ನು ಯೋಚಿಸದೆ ಇಲ್ಲಿಗೆ ತಂದರೆ ಹಾನಿಯೇ ಹೆಚ್ಚು.

ಬಿಗಿಯಾಗಿ ಕಟ್ಟಿ, ಬೇಕೆಂದೇ ಗಾಳಿಯಾಡಿಸಿ

1973ರ ತೈಲ ಬಿಕ್ಕಟ್ಟಿನ ಬಳಿಕ ಪಾಶ್ಚಾತ್ಯ ದೇಶಗಳಲ್ಲಿ ಇಂಧನ ಉಳಿಸಲು ಮನೆಗಳ ಸಂದುಗಳನ್ನು ಮುಚ್ಚುವ ಕೆಲಸ ಭರದಿಂದ ಸಾಗಿತು. ಆದರೆ ಗಾಳಿಯ ಬಗೆಗೆ ಯೋಚಿಸದೆ ಮುಚ್ಚಿದ ಕಟ್ಟಡಗಳಲ್ಲಿ ತೇವ, ಬೂಷ್ಟು ಮತ್ತು ಕೆಟ್ಟ ಗಾಳಿಯ ಸಮಸ್ಯೆಗಳು ತಲೆದೋರಿದವು. ಇದಕ್ಕೆ ದಾರಿ ತೋರಿದ ಕಟ್ಟಡಗಳಲ್ಲಿ 1977ರಲ್ಲಿ ಕೆನಡಾದ ರೆಜೈನಾ ನಗರದಲ್ಲಿ ನಿರ್ಮಾಣವಾದ ಸಸ್ಕ್ಯಾಚೆವಾನ್ ಕನ್ಸರ್ವೇಶನ್ ಹೌಸ್ ಮುಖ್ಯವಾದುದು. ಕಡುಚಳಿಯ ಆ ಪ್ರಾಂತ್ಯದಲ್ಲಿ ಫರ್ನೇಸ್ ಇಲ್ಲದೆಯೇ ನಿಂತ ಮನೆ ಅದು. ದಪ್ಪನೆಯ ಉಷ್ಣರೋಧಕ ಗೋಡೆಗಳು, ಬಹಳ ಬಿಗಿಯಾದ ಕಟ್ಟೋಣ, ಅದರೊಂದಿಗೆ ಶಾಖವನ್ನು ಹಿಂದಕ್ಕೆ ಪಡೆಯುವ ಗಾಳಿಯಂತ್ರ ಇವು ಅದರ ವೈಶಿಷ್ಟ್ಯಗಳು. 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ ಕಟ್ಟಿದ ಮೊದಲ ಪ್ಯಾಸಿವ್ ಹೌಸ್ ಮನೆಗಳು ಇದೇ ಹಾದಿಯಲ್ಲಿ ಮುಂದುವರಿದವು.

ಈ ಯಂತ್ರದ ತತ್ತ್ವ ಸರಳ. ಹೊರಹೋಗುವ ಬಿಸಿಗಾಳಿಯನ್ನೂ ಒಳಬರುವ ತಂಪುಗಾಳಿಯನ್ನೂ ತೆಳುವಾದ ಹಾಳೆಗಳ ಎರಡು ಬದಿಗಳಲ್ಲಿ ಹಾಯಿಸುತ್ತಾರೆ. ಗಾಳಿಗಳು ಬೆರೆಯುವುದಿಲ್ಲ, ಶಾಖ ಮಾತ್ರ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಹೊರಹೋಗುವ ಶಾಖದ ಹೆಚ್ಚಿನ ಪಾಲನ್ನು ಹೀಗೆ ಮನೆಯೊಳಗೇ ಉಳಿಸಿಕೊಳ್ಳಬಹುದು. ಸಂದುಗಳ ಸೋರಿಕೆ ಗಾಳಿ ಚಳಿಗಳ ಇಚ್ಛೆಯಂತೆ ನಡೆಯುತ್ತದೆ; ಯಂತ್ರದ ಗಾಳಿಯಾಡಿಕೆ ನಮ್ಮ ಇಚ್ಛೆಯಂತೆ ನಡೆಯುತ್ತದೆ. ಆಧುನಿಕ ಮನೆಯ ವಿಜ್ಞಾನದ ತಿರುಳು ಇಷ್ಟೇ.

ಕಾಣದ ಅಪಾಯ

ಗಾಳಿಯನ್ನು ಮರೆತರೆ ಪ್ರಾಣಕ್ಕೇ ಸಂಚಕಾರ. ಇಂಧನ ಉರಿಯಲು ಗಾಳಿ ಬೇಕು, ಉರಿದ ಅನಿಲ ಹೊರಹೋಗಲು ದಾರಿಯೂ ಬೇಕು. ಬಿಗಿಯಾದ ಮನೆಯಲ್ಲಿ ಅಡುಗೆಮನೆಯ ದೊಡ್ಡ ಫ್ಯಾನ್ ಗಾಳಿಯನ್ನು ಹೊರಹಾಕುತ್ತಿದ್ದರೆ ಅದರ ಸೆಳೆತಕ್ಕೆ ಫರ್ನೇಸಿನ ಹೊಗೆ ಕೊಳವೆಯಲ್ಲಿ ಮೇಲೇರದೆ ಮನೆಯೊಳಕ್ಕೇ ಹಿಮ್ಮರಳಬಹುದು. ಗಾಳಿ ಸಾಲದೆ ಅರೆಬರೆ ಉರಿದಾಗ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಬಂದು ಮನುಷ್ಯ ನಿದ್ದೆಯಲ್ಲಿಯೇ ಕೊನೆಯುಸಿರೆಳೆಯಬಹುದು. ಈ ಅನಿಲವನ್ನು ಗುರುತಿಸಿ ಕೂಗುವ ಅಲಾರಂ ಚಳಿನಾಡಿನ ಮನೆಗಳಲ್ಲಿ ಇರಲೇಬೇಕಾದ ಸಾಧನ.

ಈ ಅಪಾಯ ದೂರದೇಶದ್ದಷ್ಟೇ ಎಂದು ತಿಳಿಯಬಾರದು. ಉತ್ತರ ಭಾರತದಲ್ಲಿ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗಿದವರ ಸಾವಿನ ಸುದ್ದಿ ಚಳಿಗಾಲದಲ್ಲಿ ಮತ್ತೆ ಮತ್ತೆ ಬರುತ್ತದೆ. ಬೆಂಗಳೂರಿನಲ್ಲಿ ಸ್ನಾನದ ಮನೆಯ ಗ್ಯಾಸ್ ಗೀಸರಿನಿಂದ ಸಾವುಗಳು ಸಂಭವಿಸಿವೆ. ಇಲ್ಲಿಯೂ ಲೆಕ್ಕ ಸ್ಪಷ್ಟವಾಗಿದೆ. ಒಂದು ಕಿಲೋ ಎಲ್‌ಪಿಜಿ ಪೂರ್ಣವಾಗಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ಸಾಧಾರಣ ಗೀಸರ್ ಕಾಲು ಗಂಟೆಯಲ್ಲಿ ಕಾಲು ಕಿಲೋದಷ್ಟು ಅನಿಲ ಉರಿಸಿದರೆ ಮೂರು ಘನ ಮೀಟರಿಗೂ ಹೆಚ್ಚು ಗಾಳಿ ಬೇಕಾಗುತ್ತದೆ. ಚಿಕ್ಕ ಸ್ನಾನದ ಮನೆಯಲ್ಲಿ ಇರುವ ಒಟ್ಟು ಗಾಳಿಯೇ ಎಂಟು ಘನ ಮೀಟರ್. ಚಳಿಯೆಂದು ಕಿಟಕಿ ಮುಚ್ಚಿದರೆ ಆಮ್ಲಜನಕ ಕುಗ್ಗುತ್ತ ಹೋಗಿ ಉರಿ ಕೆಡತೊಡಗುತ್ತದೆ, ವಿಷಾನಿಲ ಏರತೊಡಗುತ್ತದೆ.

ಗಮನಿಸಬೇಕಾದ ಸಂಗತಿಗಳು

- ಚಳಿನಾಡಿನ ಮನೆಯಲ್ಲಿ ಉಷ್ಣತಾಮಾಪಕದ ಜೊತೆಗೆ ಆರ್ದ್ರತಾಮಾಪಕವೂ ಇರಲಿ. ಚಳಿಗಾಲದಲ್ಲಿ ಶೇ. 30ರಿಂದ 40ರ ನಡುವೆ ಇದ್ದರೆ ಸಾಕು. ಗಾಜು ಬೆವರತೊಡಗಿದರೆ ಇನ್ನೂ ತಗ್ಗಿಸಬೇಕು.
- ಒಣಹವೆಯಿದ್ದರೆ ಮೊದಲು ಅಟ್ಟದ ಸಂದುಗಳನ್ನು ಮುಚ್ಚಿಸಿ. ಹ್ಯೂಮಿಡಿಫೈಯರ್ ಅನಂತರದ ಮಾತು.
- ತೇವ ಹೆಚ್ಚಿದ್ದರೆ ಅಡುಗೆ ಮತ್ತು ಸ್ನಾನದ ವೇಳೆ ಫ್ಯಾನ್ ಹಾಕಿ. ಕಪಾಟುಗಳನ್ನು ಹೊರಗೋಡೆಯಿಂದ ನಾಲ್ಕು ಬೆರಳು ದೂರವಿಡಿ.
- ಫರ್ನೇಸ್ ಮತ್ತು ಅದರ ಹೊಗೆಕೊಳವೆಯನ್ನು ಪ್ರತಿವರ್ಷ ಚಳಿಗೆ ಮುನ್ನ ಪರೀಕ್ಷಿಸಿಸಿ.
- ಹೊಗೆಕೊಳವೆಯಿಲ್ಲದ ಒಲೆ, ಹೀಟರುಗಳನ್ನು ಮಲಗುವ ಕೋಣೆಯಲ್ಲಿ ಉರಿಸಬೇಡಿ. ಗ್ಯಾಸ್ ಗೀಸರನ್ನು ಸ್ನಾನದ ಮನೆಯ ಹೊರಗೆ, ಗಾಳಿಯಾಡುವ ಜಾಗದಲ್ಲಿಯೇ ಅಳವಡಿಸಿ.
- ಬೆಂಕಿಯಿರುವ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಏಕಕಾಲಕ್ಕೆ ತಲೆನೋವು ಬಂದರೆ ಕಾರಣ ಹುಡುಕುತ್ತ ಕೂರದೆ ಎಲ್ಲರೂ ಹೊರಬನ್ನಿ.

ಚಳಿಯಲ್ಲಿ ಮನುಷ್ಯನಿಗೆ ಮೊದಲು ಹೊಳೆಯುವುದು ಬಾಗಿಲು ಮುಚ್ಚಿ ಬೆಂಕಿ ಹಾಕುವುದು. ಈ ಸಹಜ ಬುದ್ಧಿ ಅರ್ಧ ಸತ್ಯ ಮಾತ್ರ. ಶಾಖವನ್ನು ಉಳಿಸಿಕೊಳ್ಳುವಷ್ಟೇ ಎಚ್ಚರದಿಂದ ಗಾಳಿಗೆ ದಾರಿ ಬಿಡಬೇಕು, ತೇವ ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನೂ ನೋಡಬೇಕು. ಮಿನಿಯಾಪೊಲಿಸ್‌ನ ಮರದ ಮನೆಗೂ ಬೆಂಗಳೂರಿನ ಸ್ನಾನದ ಮನೆಗೂ ಅನ್ವಯಿಸುವ ನಿಯಮ ಒಂದೇ.